ವೀರ ವೈಮಾನಿಕ ಅಜ್ಜಮಾಡ ದೇವಯ್ಯ

ರಾಜ್ಯೋತ್ಸವ ಬಂದಿತೆಂದರೆ ಹೊರನಾಡಿನಲ್ಲಿರುವ ನಾವೆಲ್ಲ ಒಂದೆಡೆ ಕಲೆತು ತಾಯ್ನಾಡಿನ ಹಿರಿಯರನ್ನು ನೆನೆಯುವುದು ವಾಡಿಕೆ. ಶರಣರನ್ನೂ ದಾಸರನ್ನೂ ಸ್ಮರಿಸುತ್ತೇವೆ. ಅರಸರನ್ನೂ ಕವಿಗಳನ್ನೂ ಏಕೀಕರಣಕ್ಕಾಗಿ ದುಡಿದ ಮಹನೀಯರನ್ನೂ ಕೊಂಡಾಡುತ್ತೇವೆ. ಈ ಸಾಲಿನಲ್ಲಿ ಸೈನಿಕನಿಗೆ ದೊರೆಯುವ ಸ್ಥಳ ಸಣ್ಣದು. ಅವನ ಕೆಲಸ ನಡೆಯುವುದು ನಾಡಿನಿಂದ ದೂರದ ಗಡಿಯಲ್ಲಿ. ಅವನ ಕೀರ್ತಿ ಊರಿಗೆ ತಲಪುವುದು ಅನೇಕ ವೇಳೆ ಅವನು ಇಲ್ಲವಾದ ಮೇಲೆ. ಆ ಕೀರ್ತಿಯೂ ಇಪ್ಪತ್ತಮೂರು ವರ್ಷ ತಡವಾಗಿ ಬಂದು ತಲಪಿದ ಒಬ್ಬ ವೀರರ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅವರ ಪರಾಕ್ರಮವನ್ನು ನಮ್ಮವರು ಯಾರೂ ಕಣ್ಣಾರೆ ಕಾಣಲಿಲ್ಲ. ಅದನ್ನು ಲೋಕಕ್ಕೆ ತಿಳಿಸಿದ್ದು ಎದುರಾಳಿಯ ಕಡೆಯ ಸಾಕ್ಷ್ಯ. ಆ ವೀರರೇ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು.

ಕೋವಿಯ ನಾಡಿನ ಮಗ

ಕೊಡಗು ನಮ್ಮ ರಾಜ್ಯದ ಚಿಕ್ಕ ಜಿಲ್ಲೆಗಳಲ್ಲಿ ಒಂದು. ಕಾವೇರಿ ತಾಯಿ ಹುಟ್ಟುವ ಈ ಬೆಟ್ಟದ ಸೀಮೆ ಕಾಫಿ, ಏಲಕ್ಕಿ, ಕಿತ್ತಳೆಗಳಿಗೆ ಎಷ್ಟು ಹೆಸರಾಗಿದೆಯೋ ಸೈನಿಕರಿಗೂ ಅಷ್ಟೇ ಹೆಸರಾಗಿದೆ. ಸ್ವತಂತ್ರ ಭಾರತದ ಸೈನ್ಯದ ಚುಕ್ಕಾಣಿಯನ್ನು 1949ರ ಜನವರಿ 15ರಂದು ಮೊಟ್ಟಮೊದಲಿಗೆ ಹಿಡಿದ ಭಾರತೀಯರು ಕೊಡಗಿನ ಕಾರ್ಯಪ್ಪನವರು. 1957ರಲ್ಲಿ ಸೈನ್ಯದ ಮುಖ್ಯಸ್ಥರಾದ ತಿಮ್ಮಯ್ಯನವರೂ ಅದೇ ಮಣ್ಣಿನವರು. ಕೊಡವರ ಮನೆಯಲ್ಲಿ ಕೋವಿಯೆಂಬುದು ಬರಿಯ ಆಯುಧವಲ್ಲ, ದೇವರ ಕೋಣೆಯ ದೀಪದಷ್ಟೇ ಗೌರವದ ವಸ್ತು. ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸಿ ನೆರೆಯವರಿಗೆ ಸುದ್ದಿ ಮುಟ್ಟಿಸುವುದು ಅಲ್ಲಿಯ ಸಂಪ್ರದಾಯ. ಸಾವಾದರೆ ಎರಡು ಗುಂಡು. ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳ ಮೊದಲ ವಾರ, ಗದ್ದೆಯ ನಾಟಿ ಮುಗಿದ ಮೇಲೆ, ಕೈಲ್ ಮುಹೂರ್ತದ ಹಬ್ಬ ಬರುತ್ತದೆ. ಆ ದಿನ ಕೋವಿ ಕತ್ತಿಗಳನ್ನು ತೊಳೆದು ಸಾಲಾಗಿಟ್ಟು, ಹೂವೇರಿಸಿ ಪೂಜೆ ಮಾಡುತ್ತಾರೆ.

ದಕ್ಷಿಣ ಕೊಡಗಿನ ಅಜ್ಜಮಾಡ ಒಕ್ಕದಲ್ಲಿ 1932ರ ಡಿಸೆಂಬರ್ 24ರಂದು ದೇವಯ್ಯನವರು ಜನಿಸಿದರು. ತಂದೆ ಬೋಪಯ್ಯನವರು ವೈದ್ಯರು. ಮನೆಮಾತು ಕೊಡವ ತಕ್ಕ್, ಓದುಬರಹದ ನಾಡನುಡಿ ಕನ್ನಡ. ಇಲ್ಲಿ ಒಂದು ಕಾಕತಾಳೀಯವನ್ನು ಹೇಳದೆ ಮುಂದುವರಿಯಲಾರೆ. ಭಾರತದ ವಾಯುಪಡೆ ಸ್ಥಾಪನೆಯಾದದ್ದು ಅದೇ 1932ರ ಅಕ್ಟೋಬರ್ 8ರಂದು. ಅದರ ಮೊದಲನೆಯ ಸ್ಕ್ವಾಡ್ರನ್ ಕರಾಚಿಯಲ್ಲಿ ರೂಪುಗೊಂಡದ್ದು 1933ರ ಏಪ್ರಿಲ್ 1ರಂದು, ಕೇವಲ ನಾಲ್ಕು ವಾಪಿಟಿ ವಿಮಾನಗಳೊಡನೆ. ಅಂದರೆ, ಯಾವ ಪಡೆಗೆ ದೇವಯ್ಯನವರು ತಮ್ಮ ಬಾಳನ್ನು ಧಾರೆಯೆರೆದರೋ ಅದು ಅವರ ಸಮವಯಸ್ಕ. ಯಾವ ಸ್ಕ್ವಾಡ್ರನ್ನಿನಿಂದ ಅವರು ಕೊನೆಯ ಹಾರಾಟಕ್ಕೆ ಹೊರಟರೋ ಅದು ಅವರಿಗಿಂತ ಮೂರು ತಿಂಗಳು ಕಿರಿದು.

ವಾಯುಪಡೆಯಲ್ಲಿ

1954ರ ಡಿಸೆಂಬರ್ 6ರಂದು, ಇಪ್ಪತ್ತೆರಡು ತುಂಬುವುದಕ್ಕೆ ಕೆಲವೇ ದಿನಗಳಿರುವಾಗ, ದೇವಯ್ಯನವರು ವೈಮಾನಿಕ ಅಧಿಕಾರಿಯಾಗಿ ವಾಯುಪಡೆಯನ್ನು ಸೇರಿದರು. ಆಗ ಕೊಡಗು ಒಂದು ಪುಟ್ಟ ‘ಸಿ’ ಭಾಗದ ರಾಜ್ಯ. ಅದಕ್ಕೆ ತನ್ನದೇ ಮಂತ್ರಿಮಂಡಲವಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ, 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದಾಗ ಕೊಡಗೂ ಆ ಒಂದಾದ ನಾಡಿನ ಅಂಗವಾಯಿತು. ನಾವು ಇಂದು ಆಚರಿಸುವ ಹಬ್ಬ ಹುಟ್ಟಿದ ದಿನ ಈ ತರುಣ ಊರಿನಿಂದ ದೂರದಲ್ಲಿ ವಾಯುಪಡೆಯ ಸಮವಸ್ತ್ರದಲ್ಲಿದ್ದರು. ಹೊರನಾಡಿನಲ್ಲಿದ್ದುಕೊಂಡು ತಾಯ್ನಾಡಿನ ಒಳಿತನ್ನು ಹಾರೈಸುವ ನಮ್ಮಂಥವರಿಗೆ ಆ ಸ್ಥಿತಿ ಅಪರಿಚಿತವಲ್ಲ.

ಯುದ್ಧವಿಮಾನದ ಚಾಲಕನ ಕೆಲಸ ದೂರದಿಂದ ನೋಡುವವರಿಗೆ ಬಹಳ ಮೋಹಕ. ಹತ್ತಿರದಿಂದ ನೋಡಿದರೆ ಅದು ಕಠಿನ ಶಿಸ್ತಿನ, ಲೆಕ್ಕಾಚಾರದ ಕೆಲಸ. ಎಷ್ಟು ಎತ್ತರ, ಎಷ್ಟು ವೇಗ, ಗಾಳಿ ಯಾವ ಕಡೆಯಿಂದ, ಎಣ್ಣೆ ಎಷ್ಟು ಉಳಿದಿದೆ, ಅದರಲ್ಲಿ ಎಷ್ಟು ದೂರ ಹೋಗಿ ಮರಳಬಹುದು, ಇವೆಲ್ಲವೂ ಒಬ್ಬನೇ ಮನುಷ್ಯನ ತಲೆಯಲ್ಲಿ ಕ್ಷಣಕ್ಷಣಕ್ಕೂ ನಡೆಯುತ್ತಿರಬೇಕು. ದೇವಯ್ಯನವರು ಈ ವಿದ್ಯೆಯಲ್ಲಿ ಪಳಗಿದ್ದಲ್ಲದೆ ಅದನ್ನು ಇತರರಿಗೆ ಕಲಿಸುವ ಯೋಗ್ಯತೆಯನ್ನೂ ಪಡೆದರು. ಬಡ್ತಿ ಪಡೆಯುತ್ತ ಸ್ಕ್ವಾಡ್ರನ್ ಲೀಡರ್ ಆದರು. ವಾಯುಪಡೆಯ ವಿಮಾನ ಚಾಲನಾ ಕಾಲೇಜಿನಲ್ಲಿ ಶಿಕ್ಷಕರಾಗಿ ನೇಮಕಗೊಂಡರು. ಜೊತೆಗಾರರು ಅವರನ್ನು ಸಲುಗೆಯಿಂದ ‘ಟಬ್ಬಿ’ ಎಂದು ಕರೆಯುತ್ತಿದ್ದರು. ದುಂಡು ಮೈಕಟ್ಟಿನವರಿಗೆ ಇಂಗ್ಲಿಷರು ಇಡುವ ಮುದ್ದಿನ ಹೆಸರದು. ಅಷ್ಟರಲ್ಲಿ ಅವರು ಗೃಹಸ್ಥರೂ ಆಗಿದ್ದರು. ಪತ್ನಿ ಹಾಗೂ ಇಬ್ಬರು ಎಳೆಯ ಹೆಣ್ಣುಮಕ್ಕಳ ಸಂಸಾರ ಅವರದು.

ಹೀಗೆ ಮೂವತ್ತೆರಡರ ವಯಸ್ಸಿನಲ್ಲಿ ಅವರದು ಗೌರವದ, ಸುರಕ್ಷಿತವಾದ ಹುದ್ದೆ. ಗುರುವಿನ ಸ್ಥಾನದಲ್ಲಿದ್ದವರು ರಣರಂಗಕ್ಕೆ ಹೋಗಲೇಬೇಕೆಂಬ ನಿಯಮವೇನೂ ಇಲ್ಲ. ಆದರೆ 1965ರಲ್ಲಿ ಯುದ್ಧ ಬಂದೊದಗಿದಾಗ ಅವರನ್ನು ಒಂದನೆಯ ಸ್ಕ್ವಾಡ್ರನ್ನಿಗೆ ಹಿರಿಯ ವೈಮಾನಿಕರಾಗಿ ಕಳುಹಿಸಲಾಯಿತು. ಹುಲಿಯನ್ನು ಲಾಂಛನವಾಗಿ ಉಳ್ಳ ಆ ಸ್ಕ್ವಾಡ್ರನ್ ‘ಟೈಗರ್ಸ್’ ಎಂದೇ ಪ್ರಸಿದ್ಧ. ಆಗ ಅದು ಪಂಜಾಬಿನ ಜಾಲಂಧರದ ಹತ್ತಿರ ಆದಂಪುರದ ವಿಮಾನ ನೆಲೆಯಲ್ಲಿತ್ತು. ಅದರ ಮುಖ್ಯಸ್ಥರು ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ.

1965ರ ಸೆಪ್ಟೆಂಬರ್

ಆ ವರ್ಷದ ಆಗಸ್ಟಿನಲ್ಲಿ ಪಾಕಿಸ್ತಾನವು ಕಾಶ್ಮೀರದೊಳಕ್ಕೆ ವೇಷ ಮರೆಸಿದ ಯೋಧರನ್ನು ನುಗ್ಗಿಸಿತು. ಅದು ಫಲಿಸದೆ ಹೋದಾಗ ಸೆಪ್ಟೆಂಬರ್ 1ರಂದು ಛಂಬ್ ಪ್ರದೇಶದಲ್ಲಿ ಟ್ಯಾಂಕುಗಳ ಬಲದಿಂದ ನೇರವಾಗಿ ಏರಿಬಂದಿತು. ಅಖ್ನೂರಿನ ಸೇತುವೆ ಶತ್ರುವಿನ ವಶವಾದರೆ ಜಮ್ಮುವಿಗೂ ಕಾಶ್ಮೀರಕ್ಕೂ ಅಪಾಯ ತಪ್ಪಿದ್ದಲ್ಲ. ಅಂದು ಸಂಜೆಯೇ ನಮ್ಮ ವಾಯುಪಡೆ ಕದನಕ್ಕಿಳಿಯಿತು. ಹಳೆಯ ವ್ಯಾಂಪೈರ್ ವಿಮಾನಗಳಲ್ಲಿ ಹೊರಟ ನಮ್ಮವರು ನಾಲ್ಕು ವಿಮಾನಗಳನ್ನು ಕಳೆದುಕೊಂಡರು. ಸೆಪ್ಟೆಂಬರ್ 6ರಂದು, ಲಾಲ್ ಬಹಾದೂರ್ ಶಾಸ್ತ್ರಿಗಳ ಸರಕಾರದ ನಿರ್ಧಾರದಂತೆ, ನಮ್ಮ ಸೈನ್ಯ ಅಂತರರಾಷ್ಟ್ರೀಯ ಗಡಿ ದಾಟಿ ಲಾಹೋರಿನತ್ತ ಮುನ್ನಡೆಯಿತು. ಅದೇ ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣಕೋಟೆಯ ನೆಲೆಯ ಮೇಲೆ ಎರಗಿ, ನೆಲದ ಮೇಲೆ ನಿಂತಿದ್ದ ನಮ್ಮ ಹತ್ತು ವಿಮಾನಗಳನ್ನು ನಾಶಗೊಳಿಸಿದವು. ನಡುರಾತ್ರಿ ಕಳೆದ ಮೇಲೆ ಪಠಾಣಕೋಟೆ, ಹಲವಾರಾ, ಆದಂಪುರ ಈ ಮೂರು ನೆಲೆಗಳ ಸುತ್ತ ಶತ್ರುವಿನ ಪ್ಯಾರಾಶೂಟ್ ಸೈನಿಕರು ಇಳಿದರು. ಅವರಲ್ಲಿ ಬಹುಪಾಲು ಮಂದಿ ಹಳ್ಳಿಗರ, ಪೊಲೀಸರ, ಸೈನಿಕರ ಕೈಗೆ ಸಿಕ್ಕಿಬಿದ್ದರಾದರೂ ಆ ಇರುಳು ಆದಂಪುರದಲ್ಲಿ ಯಾರಿಗೂ ನೆಮ್ಮದಿಯ ನಿದ್ದೆ ಸಾಧ್ಯವಿರಲಿಲ್ಲ.

ಪಠಾಣಕೋಟೆಯ ಪೆಟ್ಟಿಗೆ ಉತ್ತರ ಕೊಡಬೇಕಾಗಿತ್ತು. ಅದು ಮರುದಿನದ ಬೆಳಗಿಗೇ ನಿಶ್ಚಯವಾಯಿತು. ಗುರಿ ಸರಗೋಧಾ.

ಮೀಸಲಿನ ಸ್ಥಾನ

ಪಶ್ಚಿಮ ಪಂಜಾಬಿನ ಸರಗೋಧಾ ಪಾಕಿಸ್ತಾನದ ವಾಯುಬಲದ ಹೃದಯಸ್ಥಾನ. ಸುತ್ತಲೂ ಉಪನೆಲೆಗಳಿದ್ದು ವಿಮಾನವಿರೋಧಿ ತೋಪುಗಳಿಂದ ಬಲವಾಗಿ ರಕ್ಷಿತವಾದ ಜಾಗ. ಆದಂಪುರದಿಂದ ಅದು ಹೆಚ್ಚು ಕಡಿಮೆ ಮುನ್ನೂರು ಕಿಲೋಮೀಟರು. ಟೈಗರ್ಸ್ ಸ್ಕ್ವಾಡ್ರನ್ನಿನ ಬಳಿ ಇದ್ದುದು ಫ್ರಾನ್ಸಿನಲ್ಲಿ ತಯಾರಾದ ಮಿಸ್ಟೇರ್ ವಿಮಾನ. ಒಂದೇ ಎಂಜಿನ್, ಒಬ್ಬನೇ ಚಾಲಕ, ಮೂವತ್ತು ಮಿಲಿಮೀಟರಿನ ಎರಡು ತೋಪು. ನೆಲದ ಗುರಿಗಳನ್ನು ಹೊಡೆಯಲು ಅದು ಒಳ್ಳೆಯ ವಿಮಾನ. ಆದರೆ ಶಬ್ದದ ವೇಗವನ್ನು ಸಮತಲ ಹಾರಾಟದಲ್ಲಿ ಮೀರಲಾರದು. ಆಕಾಶದಲ್ಲಿ ಎದುರಾಳಿಯನ್ನು ಬೆನ್ನಟ್ಟಿ ಹೊಡೆಯುವ ಕ್ಷಿಪಣಿ ಅದಕ್ಕಿರಲಿಲ್ಲ. ರಾಡಾರಿನ ಕಣ್ಣಿಗೆ ಬೀಳಬಾರದೆಂದು ನೆಲಕ್ಕೆ ತೀರ ಹತ್ತಿರದಲ್ಲಿ ಹಾರಬೇಕು. ಹಾಗೆ ಕೆಳಗೆ ಹಾರಿದರೆ ಎಣ್ಣೆ ಬೇಗ ತೀರುತ್ತದೆ. ಆದುದರಿಂದ ಹೋಗುವುದು, ಹೊಡೆಯುವುದು, ತಿರುಗಿ ಬರುವುದು, ಇಷ್ಟಕ್ಕೆ ಮಾತ್ರ ಎಣ್ಣೆಯ ಲೆಕ್ಕ ಸರಿಹೋಗುತ್ತಿತ್ತು. ದಾರಿಯಲ್ಲಿ ಕಾದಾಟಕ್ಕೆ ನಿಲ್ಲುವಷ್ಟು ಉಳಿತಾಯವಿರಲಿಲ್ಲ.

ತನೇಜಾ ಅವರು ಹನ್ನೆರಡು ವಿಮಾನಗಳನ್ನು ಆರಿಸಿಕೊಂಡರು. ಇವಲ್ಲದೆ ಎರಡು ವಿಮಾನಗಳನ್ನು ಮೀಸಲಾಗಿ ಇಡಲಾಯಿತು. ಹನ್ನೆರಡರಲ್ಲಿ ಯಾವುದಾದರೂ ಕೆಟ್ಟು ಹಿಂದುಳಿದರೆ ಮಾತ್ರ ಮೀಸಲಿನವರು ಆ ಸ್ಥಾನಕ್ಕೆ ಹೋಗಬೇಕು. ಇಲ್ಲದಿದ್ದರೆ ನೆಲೆಯಲ್ಲೇ ಉಳಿಯಬೇಕು. ದೇವಯ್ಯನವರ ಹೆಸರು ಇದ್ದುದು ಈ ಮೀಸಲಿನಲ್ಲಿ.

ಓದುಗರು ಈ ಸಂಗತಿಯನ್ನು ಸ್ವಲ್ಪ ಮನಸ್ಸಿಟ್ಟು ನೋಡಬೇಕು. ಮೀಸಲಿನವನ ಸ್ಥಾನ ವಿಚಿತ್ರವಾದದ್ದು. ಎಲ್ಲರಂತೆ ಅವನೂ ನಡುರಾತ್ರಿ ಏಳಬೇಕು, ನಕ್ಷೆ ನೋಡಬೇಕು, ಸಿದ್ಧನಾಗಿ ಕುಳಿತು ಎಂಜಿನ್ ಚಾಲೂ ಮಾಡಬೇಕು. ಆದರೆ ಹೋಗುವ ಸಂಭವ ಕಡಿಮೆ. ಹೋಗದಿದ್ದರೆ ಯಾರೂ ಅವನನ್ನು ಕೇಳುವುದಿಲ್ಲ. ಅವನ ಕರ್ತವ್ಯ ಅಲ್ಲಿಗೇ ಮುಗಿದಂತೆ. ನಮ್ಮ ನಿಮ್ಮ ದೈನಂದಿನ ಬಾಳಿನಲ್ಲಿಯೂ ಇಂಥ ಸ್ಥಾನಗಳು ಇಲ್ಲದಿಲ್ಲ. ಅಲ್ಲಿದ್ದುಕೊಂಡು ಅರೆಮನಸ್ಸಿನಿಂದ ಸಿದ್ಧನಾಗುವವನೂ ಉಂಟು, ತನ್ನದೇ ಸರದಿಯೆಂಬಂತೆ ಸಿದ್ಧನಾಗುವವನೂ ಉಂಟು. ದೇವಯ್ಯನವರು ಎರಡನೆಯ ಬಗೆಯವರು.

ಸೆಪ್ಟೆಂಬರ್ 7ರ ಬೆಳಗಿನ ಐದೂವರೆಯ ಸುಮಾರಿಗೆ, ಇನ್ನೂ ಕತ್ತಲಿರುವಾಗಲೇ, ಆದಂಪುರದಿಂದ ಮಿಸ್ಟೇರ್‌ಗಳು ಒಂದರ ಹಿಂದೊಂದು ಮೇಲೆದ್ದವು. ಒಂದು ವಿಮಾನ ತಂಡದಿಂದ ಬಿಟ್ಟುಹೋಯಿತು. ಮೀಸಲಿನಲ್ಲಿದ್ದ ದೇವಯ್ಯನವರು ಆ ತೆರವಿಗೆ ಮುಂದಾದರು. ಕತ್ತಲಲ್ಲಿ ಮುಂದೆ ಹೋದವರನ್ನು ಹಿಂಬಾಲಿಸಿ ಪಶ್ಚಿಮಕ್ಕೆ ಹೊರಟರು.

ಸರಗೋಧಾದ ಬೆಳಗು

ಅರ್ಧ ಗಂಟೆಯೊಳಗೆ ಸರಗೋಧಾ ಬಂದಿತು. ಮಬ್ಬು ಬೆಳಕಿನಲ್ಲಿ ನಮ್ಮವರು ಎರಗಿ ಹೊಡೆದರು. ಶತ್ರುವಿನ ತೋಪುಗಳು ಎಚ್ಚೆತ್ತು ಗುಂಡು ಕಾರತೊಡಗಿದವು. ಅಂದು ದಿನವಿಡೀ ಸರಗೋಧಾದ ಮೇಲೆ ನಮ್ಮ ವಿಮಾನಗಳು ಅಲೆಯಲೆಯಾಗಿ ಹೋಗಲಿದ್ದವು. ಇದು ಮೊದಲನೆಯ ಅಲೆ. ಕೆಲಸ ಮುಗಿಸಿ ಟೈಗರ್ಸ್ ವೈಮಾನಿಕರು ಪೂರ್ವಕ್ಕೆ ಮುಖ ತಿರುಗಿಸಿದರು.

ಆ ಹೊತ್ತಿಗೆ ಸರಗೋಧಾದ ಕಡೆಯಿಂದ ಒಂದು ಸ್ಟಾರ್‌ಫೈಟರ್ ವಿಮಾನ ನಮ್ಮವರ ಬೆನ್ನು ಹತ್ತಿತ್ತು. ಅಮೆರಿಕ ಕೊಟ್ಟ ಈ ವಿಮಾನದ ಬಗ್ಗೆ ಎರಡು ಮಾತು ಹೇಳಬೇಕು. ಶಬ್ದಕ್ಕಿಂತ ಇಮ್ಮಡಿ ವೇಗದಲ್ಲಿ ಹಾರಬಲ್ಲ ಅದರ ರೆಕ್ಕೆಗಳು ಕತ್ತಿಯ ಅಲಗಿನಂತೆ ಗಿಡ್ಡ, ತೆಳುವು. ಶತ್ರುವಿಮಾನದ ಕಾವನ್ನು ಹಿಡಿದು ಬೆನ್ನಟ್ಟುವ ಸೈಡ್‌ವಿಂಡರ್ ಕ್ಷಿಪಣಿಗಳು ಅದಕ್ಕಿದ್ದವು. ಕಣ್ಣು ಮಿಟುಕಿಸುವಷ್ಟರಲ್ಲಿ ನೂರು ಗುಂಡು ಉಗುಳುವ ಸುತ್ತುನಳಿಗೆಯ ತೋಪು ಇತ್ತು. ಆಗ ಈ ವಿಮಾನ ಪಾಕಿಸ್ತಾನದ ಬಳಿ ಬೆರಳೆಣಿಕೆಯಷ್ಟಿದ್ದು, ಅವರ ವಾಯುಪಡೆಯ ಮುಕುಟಮಣಿಯೆನಿಸಿತ್ತು. ನಮ್ಮ ಕಡೆ ಅದಕ್ಕೆ ಸರಿಸಾಟಿ ಇಲ್ಲವೆಂಬ ಮಾತೂ ಹಬ್ಬಿತ್ತು. ಅದನ್ನು ನಡೆಸುತ್ತಿದ್ದವನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಖಾನ್.

ಅಮ್ಜದ್‌ನ ಕಣ್ಣಿಗೆ ಬಿದ್ದದ್ದು ದೇವಯ್ಯನವರ ಮಿಸ್ಟೇರ್. ಅವನು ಮೊದಲು ಕ್ಷಿಪಣಿ ಬಿಟ್ಟ. ನೆಲಕ್ಕೆ ಅಷ್ಟು ಹತ್ತಿರದಲ್ಲಿ ಅದು ಗುರಿ ಹಿಡಿಯದೆ ಹುಸಿಯಾಯಿತು. ಅನಂತರ ಸಮೀಪಕ್ಕೆ ಬಂದು ತೋಪಿನಿಂದ ಹೊಡೆದ. ಈ ಸಲ ಪೆಟ್ಟು ತಗಲಿತು. ಮಿಸ್ಟೇರ್ ಜಖಂಗೊಂಡಿತು.

ಈ ಘಳಿಗೆಯಲ್ಲಿ ದೇವಯ್ಯನವರ ಮುಂದಿದ್ದ ದಾರಿಗಳನ್ನು ಎಣಿಸಿ ನೋಡೋಣ. ವಿಮಾನಕ್ಕೆ ಪೆಟ್ಟಾಗಿದೆ. ಎಣ್ಣೆ ಮನೆಗೆ ಮರಳುವಷ್ಟೇ ಇದೆ. ಪೂರ್ವಕ್ಕೆ ಮುಖಮಾಡಿ ಓಡಿದರೆ ಓಡಬಹುದು, ಆದರೆ ಬೆನ್ನ ಹಿಂದೆ ಇರುವುದು ತನಗಿಂತ ಇಮ್ಮಡಿ ವೇಗದ ವಿಮಾನ. ಪ್ಯಾರಾಶೂಟು ಬಿಚ್ಚಿ ಹಾರಿಕೊಂಡರೆ ಜೀವ ಉಳಿದೀತು, ಸೆರೆವಾಸ ತಪ್ಪದು. ಮೂರನೆಯದು, ತಿರುಗಿ ನಿಂತು ಹೊಡೆಯುವುದು. ಹಾಗೆ ಮಾಡಿದರೆ ಗೆದ್ದರೂ ಆದಂಪುರ ಮುಟ್ಟುವಷ್ಟು ಎಣ್ಣೆ ಉಳಿಯುವ ಆಸೆ ಕಡಿಮೆ. ಹತ್ತು ವರ್ಷ ವಿಮಾನ ನಡೆಸಿ ಇತರರಿಗೆ ಪಾಠ ಹೇಳಿದ ಗುರುವಿಗೆ ಈ ಲೆಕ್ಕ ತಿಳಿಯದ್ದಲ್ಲ. ಅವರು ಮೂರನೆಯದನ್ನು ಆರಿಸಿಕೊಂಡರು.

ಎದುರಾಳಿಯನ್ನು ತೀರಿಸಿದೆನೆಂದು ಅಮ್ಜದ್ ಭಾವಿಸಿರಬೇಕು. ಆದರೆ ಗಾಯಗೊಂಡ ಹುಲಿ ತಿರುಗಿ ನಿಂತಿತ್ತು. ಸ್ಟಾರ್‌ಫೈಟರ್ ಓಟದಲ್ಲಿ ಬಲಶಾಲಿ, ತಿರುವಿನಲ್ಲಿ ದುರ್ಬಲ. ಆ ಗಿಡ್ಡ ರೆಕ್ಕೆಗಳಿಂದ ಚಿಕ್ಕ ಸುತ್ತು ಹಾಕುವುದು ಅದಕ್ಕೆ ಕಷ್ಟ. ಮಿಸ್ಟೇರ್ ವೇಗದಲ್ಲಿ ಹಿಂದೆ, ತಿರುವಿನಲ್ಲಿ ಮುಂದೆ. ನೆಲದ ಸಮೀಪದಲ್ಲಿ, ಕಡಿಮೆ ವೇಗದ ತಿರುವುಗಳ ಕಾದಾಟದಲ್ಲಿ, ದೇವಯ್ಯನವರು ಆ ಮಹಾವೇಗಿಯನ್ನು ತಮ್ಮ ತೋಪಿನ ಎದುರಿಗೆ ತಂದುಕೊಂಡು ಹೊಡೆದರು. ಗುಂಡುಗಳು ತಾಗಿದವು. ಸ್ಟಾರ್‌ಫೈಟರ್ ಹತೋಟಿ ತಪ್ಪಿತು. ಅಮ್ಜದ್ ವಿಮಾನದಿಂದ ಹೊರಕ್ಕೆ ಚಿಮ್ಮಿ ಪ್ಯಾರಾಶೂಟಿನ ಸಹಾಯದಿಂದ ನೆಲ ಮುಟ್ಟಿ ಬದುಕಿಕೊಂಡ.

ದೇವಯ್ಯನವರು ಬದುಕಲಿಲ್ಲ. ಅವರ ಮಿಸ್ಟೇರ್ ಸರಗೋಧಾದ ಪೂರ್ವಕ್ಕೆ, ಶತ್ರುವಿನ ನೆಲದಲ್ಲಿಯೇ ಉರುಳಿತು. ಅಲ್ಲಿಯ ಹಳ್ಳಿಗರು ಅವರ ದೇಹವನ್ನು ಕಂಡು ಮಣ್ಣು ಮಾಡಿದರೆಂದು ಪಾಕಿಸ್ತಾನದವರ ಬರಹಗಳಿಂದ ಎಷ್ಟೋ ಕಾಲದ ಮೇಲೆ ತಿಳಿದುಬಂದಿತು. ಕೊಡಗಿನಲ್ಲಿ ಒಕ್ಕದ ಹಿರಿಯರನ್ನು ನೆನೆಯುವುದಕ್ಕೆ ಕೈಮಡವೆಂಬ ಗುಡಿಯಿರುತ್ತದೆ. ಅಜ್ಜಮಾಡದ ಈ ಮಗನ ಪಾಲಿಗೆ ಬಂದದ್ದು ಪರದೇಶದ ಮಣ್ಣು, ಪರಿಚಯವಿಲ್ಲದ ರೈತರ ಕೈಯ ಹಿಡಿಮಣ್ಣು.

ಕಾಣೆಯಾದವರ ಪಟ್ಟಿಯಲ್ಲಿ

ಇತ್ತ ಆದಂಪುರದಲ್ಲಿ ವಿಮಾನಗಳು ಒಂದೊಂದಾಗಿ ಇಳಿದವು. ಎಣಿಸಿ ನೋಡಿದರೆ ಒಂದು ಕಡಿಮೆ. ದೇವಯ್ಯನವರಿಗೆ ಏನಾಯಿತೆಂದು ಕಂಡವರಿಲ್ಲ. ತೋಪಿನ ಏಟಿಗೆ ಸಿಕ್ಕಿದರೋ, ಎಣ್ಣೆ ತೀರಿ ಬಿದ್ದರೋ, ಸೆರೆಯಾದರೋ ಹೇಳಬಲ್ಲವರಿರಲಿಲ್ಲ. ಯುದ್ಧದ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಕಾಣೆಯಾಗಿದ್ದಾರೆ ಎಂಬ ಒಂದು ಮಾತು ಬಿದ್ದಿತು.

ಸೆಪ್ಟೆಂಬರ್ 23ರಂದು ಯುದ್ಧ ನಿಂತಿತು. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಒಪ್ಪಂದವಾಯಿತು. ಮರುದಿನವೇ ಶಾಸ್ತ್ರಿಗಳು ಅಲ್ಲಿ ತೀರಿಕೊಂಡರು. ಎರಡೂ ಕಡೆಯ ಸೆರೆಯಾಳುಗಳು ಮನೆಗೆ ಮರಳಿದರು. ಆಗ ಮರಳಿದವರಲ್ಲಿ ಇನ್ನೊಬ್ಬ ಕೊಡಗಿನ ವೈಮಾನಿಕರಿದ್ದರು. ಅವರು ಜನರಲ್ ಕಾರ್ಯಪ್ಪನವರ ಮಗ ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪ. ಸೆಪ್ಟೆಂಬರ್ 22ರಂದು, ಯುದ್ಧ ನಿಲ್ಲುವುದಕ್ಕೆ ಒಂದು ದಿನವಿರುವಾಗ, ಅವರ ಹಂಟರ್ ವಿಮಾನ ಉರುಳಿ ಅವರು ಸೆರೆಯಾಗಿದ್ದರು. ತಂದೆಯ ಸ್ಥಾನಮಾನವನ್ನು ನೋಡಿ ಪಾಕಿಸ್ತಾನ ವಿಶೇಷ ರಿಯಾಯತಿ ತೋರಲು ಮುಂದಾದರೂ ಜನರಲ್ಲರು ಅದನ್ನು ಒಪ್ಪದೆ, ಸೆರೆಯಲ್ಲಿರುವ ಎಲ್ಲ ಭಾರತೀಯ ಯೋಧರೂ ತಮಗೆ ಮಕ್ಕಳೇ ಎಂದು ಬಗೆದ ಸಂಗತಿ ಪ್ರಸಿದ್ಧವಾಗಿದೆ. ಒಂದು ಮನೆಗೆ ಮಗ ಹಿಂದಿರುಗಿದ. ಇನ್ನೊಂದು ಮನೆಗೆ ಯಾರೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ.

ಸಾವಾದರೆ ಎರಡು ಗುಂಡು ಹಾರಿಸಬೇಕೆಂಬ ಪದ್ಧತಿಯನ್ನು ಮೇಲೆ ಹೇಳಿದ್ದೇನೆ. ಕಾಣೆಯಾದವರಿಗೆ ಯಾವ ದಿನ ಗುಂಡು ಹಾರಿಸುವುದು? ಸತ್ತ ಸುದ್ದಿ ಬಂದರೆ ಮನೆಯವರು ಅತ್ತು ಹಗುರಾಗುತ್ತಾರೆ. ಬದುಕಿದ ಸುದ್ದಿ ಬಂದರೆ ಹಬ್ಬ ಮಾಡುತ್ತಾರೆ. ಎರಡೂ ಬಾರದೆ ಹೋದರೆ ಬಾಗಿಲನ್ನು ಹಾಕುವಂತಿಲ್ಲ, ತೆರೆದಿಡುವಂತಿಲ್ಲ. ಯುದ್ಧದಲ್ಲಿ ತ್ಯಾಗ ಮಾಡುವವನು ಯೋಧನೊಬ್ಬನೇ ಎಂದು ನಾವು ತಿಳಿಯುತ್ತೇವೆ. ಅವನ ತ್ಯಾಗ ಒಂದು ಬೆಳಗಿನದು. ಆ ತಾಯಿ ಇಬ್ಬರು ಎಳೆಯ ಮಕ್ಕಳನ್ನು ಕಟ್ಟಿಕೊಂಡು ಕಳೆದ ಬೆಳಗುಗಳೆಷ್ಟು! ಪತಿಯ ಕೊನೆಯ ಘಳಿಗೆಯ ವಿವರ ತಿಳಿಯದೆಯೇ ಅವರು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಬಾಳಬೇಕಾಯಿತು. ಮಕ್ಕಳು ಬೆಳೆದು ದೊಡ್ಡವರಾದರು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ದೇವಯ್ಯನವರ ಹೆಸರು ಮಾತ್ರ ಇದ್ದ ಪಟ್ಟಿಯಲ್ಲಿಯೇ ಇತ್ತು.

ಎದುರು ಪುಸ್ತಕದ ಸಾಕ್ಷ್ಯ

ನಾನು ಬ್ಯಾಂಕಿನಲ್ಲಿ ಗುಮಾಸ್ತ. ದಿನದ ಕೊನೆಗೆ ಲೆಕ್ಕ ತಾಳೆಯಾಗದೆ ಒಂದು ಬಾಬು ಉಳಿದುಕೊಂಡರೆ ನಾವು ಅದನ್ನು ಅನಾಮತ್ತು ಖಾತೆಯಲ್ಲಿ ಇಡುತ್ತೇವೆ. ಅದರ ಜೋಡಿ ನಮ್ಮ ಪುಸ್ತಕದಲ್ಲಿ ಸಿಗದಿದ್ದರೆ ಎದುರು ಬ್ಯಾಂಕಿನ ಪುಸ್ತಕದಲ್ಲಿ ಇರಲೇಬೇಕು. ಎರಡೂ ಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ತನಕ ಆ ಬಾಬು ಹಾಗೆಯೇ ಕುಳಿತಿರುತ್ತದೆ. ಮೊತ್ತ ಎಷ್ಟೇ ದೊಡ್ಡದಾಗಿರಲಿ, ಅದು ಯಾರ ಹೆಸರಿಗೂ ಜಮೆಯಾಗುವುದಿಲ್ಲ. ದೇವಯ್ಯನವರ ವಿಷಯದಲ್ಲಿ ಆದದ್ದೂ ಅದೇ.

1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕನ ಪುಸ್ತಕವೊಂದು ಹೊರಬಂದಿತು. 1965ರ ವಾಯುಯುದ್ಧವನ್ನು ಪಾಕಿಸ್ತಾನದ ಕಡೆಯಿಂದ ಕಂಡು ಬರೆದ ಪುಸ್ತಕವದು. ಪಾಕಿಸ್ತಾನದ ವಾಯುಪಡೆ ಅವನಿಗೆ ವಿವರಗಳನ್ನು ಒದಗಿಸಿತ್ತು. ತಮ್ಮ ವಾಯುಪಡೆಯ ಸಾಹಸಗಳು ಜಗತ್ತಿಗೆ ತಿಳಿಯಲೆಂಬುದು ಅವರ ಉದ್ದೇಶವಾಗಿತ್ತೆಂದು ತೋರುತ್ತದೆ. ಆದರೆ ಆ ಪುಟಗಳ ನಡುವೆ ಸೆಪ್ಟೆಂಬರ್ 7ರ ಬೆಳಗಿನ ಒಂದು ಪ್ರಸಂಗವೂ ಸೇರಿಕೊಂಡಿತು. ಸರಗೋಧಾದಿಂದ ಮರಳುತ್ತಿದ್ದ ಒಂದು ಭಾರತೀಯ ಮಿಸ್ಟೇರ್ ವಿಮಾನದೊಡನೆ ಕಾದಾಡಿ ಅಮ್ಜದ್ ಹುಸೇನ್‌ನ ಸ್ಟಾರ್‌ಫೈಟರ್ ಉರುಳಿತೆಂಬುದೇ ಆ ಪ್ರಸಂಗ.

ಯಾರದು ಆ ಮಿಸ್ಟೇರ್? ಆ ಬೆಳಗಿನ ಮೊದಲ ದಾಳಿಯಿಂದ ಹಿಂದಿರುಗದಿದ್ದದ್ದು ಒಂದೇ ಮಿಸ್ಟೇರ್. ಅದರಲ್ಲಿದ್ದವರು ಒಬ್ಬರೇ. ಅಲ್ಲಿ ಹೆಚ್ಚಾಗಿದ್ದ ಬಾಬಿಗೂ ಇಲ್ಲಿ ಕಡಿಮೆಯಾಗಿದ್ದ ಬಾಬಿಗೂ ಜೋಡಿ ಕೂಡಿತು. ಅಂದು ದಾಳಿಯ ಮುಂದಾಳಾಗಿದ್ದ ತನೇಜಾ ಅವರು ಈ ಸಂಗತಿ ತಿಳಿದ ಮೇಲೆ ಸುಮ್ಮನಿರಲಿಲ್ಲ. ತಮ್ಮೊಡನೆ ಹೊರಟು ಮರಳದ ವೈಮಾನಿಕನ ಹಕ್ಕಿನ ಗೌರವ ಅವನಿಗೆ ಸಲ್ಲಬೇಕೆಂದು ಮೇಲಿನವರಿಗೆ ಬರೆದರು. ಕಡತಗಳು ಚಲಿಸಲು ಹೊತ್ತು ಹಿಡಿಯಿತಾದರೂ ಚಲಿಸಿದವು. 1988ರಲ್ಲಿ ಭಾರತ ಸರಕಾರವು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಿತು. ಪರಮವೀರ ಚಕ್ರವನ್ನು ಬಿಟ್ಟರೆ ಯುದ್ಧಭೂಮಿಯ ಶೌರ್ಯಕ್ಕೆ ನಮ್ಮಲ್ಲಿ ಅದಕ್ಕಿಂತ ಮಿಗಿಲಾದ ಪದಕವಿಲ್ಲ. ಬೆಳ್ಳಿಯ ಪದಕದ ಮೇಲೆ ಐದು ಮೊನೆಯ ನಕ್ಷತ್ರ. ಅರ್ಧ ಬಿಳಿ, ಅರ್ಧ ಕೇಸರಿ ಬಣ್ಣದ ಪಟ್ಟಿ. ಇಪ್ಪತ್ತಮೂರು ವರ್ಷ ಕಾದ ಪತ್ನಿ ಅದನ್ನು ಸ್ವೀಕರಿಸಿದರು.

ಅಮ್ಜದ್ ಹುಸೇನ್‌ನ ಕಥೆಯನ್ನೂ ಒಂದು ಮಾತಿನಲ್ಲಿ ಮುಗಿಸುತ್ತೇನೆ. 1971ರ ಡಿಸೆಂಬರಿನ ಯುದ್ಧದಲ್ಲಿ ಅವನು ಮತ್ತೆ ಸ್ಟಾರ್‌ಫೈಟರಿನಲ್ಲಿ ಅಮೃತಸರದ ಮೇಲೆ ಬಂದ. ಈ ಸಲ ನಮ್ಮ ನೆಲದ ತೋಪುಗಳು ಅವನನ್ನು ಉರುಳಿಸಿದವು. ಅವನು ಜೀವಂತ ಸೆರೆಯಾದ. ಶತ್ರುವೆಂದು ಅವನನ್ನು ನಿಂದಿಸಬೇಕಾಗಿಲ್ಲ. ಅವನು ತನ್ನ ದೇಶದ ಕರ್ತವ್ಯ ಮಾಡಿದ. ಅವನು ಬದುಕಿ ಉಳಿದದ್ದರಿಂದಲೇ ದೇವಯ್ಯನವರ ಪರಾಕ್ರಮಕ್ಕೆ ಒಬ್ಬ ಸಾಕ್ಷಿ ಉಳಿದಂತಾಯಿತು. ಅವನೂ ಅಂದು ಮಡಿದಿದ್ದರೆ ಆ ಕಾದಾಟದ ಕಥೆ ಇಬ್ಬರೊಡನೆಯೂ ಮಣ್ಣುಗೂಡಿ ಹೋಗುತ್ತಿತ್ತು.

ನಮಗೆ ಉಳಿದ ಮಾತು

ಇಂದು ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ, ಅವರ ಪ್ರತಿಮೆಯಿದೆ. ರಜೆಯಲ್ಲಿ ಊರಿಗೆ ಹೋದಾಗ ಕೊಡಗಿನ ಜಲಪಾತಗಳನ್ನೂ ಕಾಫಿ ತೋಟಗಳನ್ನೂ ನೋಡಲು ಹೋಗುವ ನಮ್ಮ ಮನೆಗಳವರು ಆ ವೃತ್ತದಲ್ಲಿ ಎರಡು ನಿಮಿಷ ನಿಂತರೆ ಒಳ್ಳೆಯದು. 2025ರ ಜನವರಿಯಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರಕ್ಕೆ ಪ್ರೇರಣೆಯಾದದ್ದು ಇವರ ಬಾಳೇ. ನಮ್ಮ ಮಕ್ಕಳಲ್ಲಿ ಅನೇಕರು ಅದನ್ನು ನೋಡಿದ್ದಾರೆ. ಚಿತ್ರದಲ್ಲಿ ಹೆಸರುಗಳನ್ನು ಬದಲಾಯಿಸಲಾಗಿದೆ. ಆದುದರಿಂದ ನಿಜವಾದ ಹೆಸರನ್ನು ಮಕ್ಕಳಿಗೆ ಹೇಳಿಕೊಡುವ ಭಾರ ತಾಯಿತಂದೆಗಳ ಮೇಲೆ ಬಿದ್ದಿದೆ. ಆ ಹೆಸರು ಅಜ್ಜಮಾಡ ದೇವಯ್ಯ, ಊರು ಕೊಡಗು, ನಾಡು ಕರ್ನಾಟಕ.

ಹೆಸರಿನ ಜೊತೆಗೆ ಇನ್ನೊಂದು ಮಾತನ್ನೂ ಹೇಳಿಕೊಡಬೇಕಾಗಿದೆ. ಪದಕ ಬಂದುದರಿಂದ ದೇವಯ್ಯನವರು ವೀರರಾದರೆಂದು ತಿಳಿಯುವುದು ತಪ್ಪು. ಆ ಪುಸ್ತಕ ಹೊರಬರದೆ ಹೋಗಿದ್ದರೆ, ಕಡತ ಚಲಿಸದೆ ಹೋಗಿದ್ದರೆ, ಅವರ ಸಾಹಸ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ. ಅದು 1965ರ ಸೆಪ್ಟೆಂಬರ್ 7ರ ಬೆಳಗ್ಗೆಯೇ ಪೂರ್ಣವಾಗಿತ್ತು. ಕಡಿಮೆಯಾಗುತ್ತಿದ್ದದ್ದು ನಾವು. ಸಾಲ ತೀರಿಸದೆ, ಸಾಲವಿದೆಯೆಂಬುದೂ ಅರಿವಿಲ್ಲದೆ ಬದುಕಿದ ಜನವಾಗುತ್ತಿದ್ದೆವು. ನೋಡುವವರಿಲ್ಲದ ಕಡೆ, ಹೊಗಳುವವರಿಲ್ಲದ ಕಡೆ, ಮೀಸಲಿನ ಸ್ಥಾನದಲ್ಲಿದ್ದುಕೊಂಡೂ ತನ್ನ ಪಾಲಿನ ಕೆಲಸಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವುದು, ಮನೆಗೆ ಮರಳುವ ಎಣ್ಣೆಯನ್ನು ಲೆಕ್ಕ ಹಾಕುತ್ತಲೇ ತಿರುಗಿ ನಿಲ್ಲುವುದು ಎಲ್ಲರಿಂದಲೂ ಆಗುವುದಲ್ಲ. ಆದವರನ್ನು ಮರೆಯದಿರುವುದು ಎಲ್ಲರಿಂದಲೂ ಆಗುತ್ತದೆ.

ಈ ರಾಜ್ಯೋತ್ಸವದ ಸಂಜೆ ನಾಡಗೀತೆ ಹಾಡಿ, ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳುವಾಗ, ಆ ಸಾಲಿನಲ್ಲಿ ಈ ಹೆಸರೂ ಸೇರಲಿ. ಸರಗೋಧಾದ ಆಚೆಯ ಯಾವುದೋ ಹೊಲದಲ್ಲಿ ಮಲಗಿರುವ ಕಾವೇರಿಯ ಮಗನಿಗೆ ಹೊರನಾಡಿನ ನಮ್ಮೆಲ್ಲರ ನಮಸ್ಕಾರ.